ಮಕಬೂಲನ ಟ್ರೇಲರು, ನನ್ನ ಕುದುರೆ

ಕೇಳಿರಪ್ಪೋ ಕೇಳಿರಿ, ಗೆಳೆಯರೇ! ಬೆಳಗಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ. ಪಕ್ಕದ ಮನೆಯ ಮಕಬೂಲನೂ ನನ್ನಂತೆಯೇ ಮದುವೆಗೆ ಕುದುರೆ ಕೊಡುವವನು. ಸೋಲಾಪುರದಿಂದ ತುಕ್ಕು ಹಿಡಿದ ಹಳೇ ಕುದುರೆ ಟ್ರೇಲರ್ ತಂದು, ತಿಂಗಳುಗಟ್ಟಲೆ ಬಡಿದು, ಹೊಸ ಹಲಗೆ, ಕೆಳಗೆ ರಬ್ಬರ್ ಮ್ಯಾಟ್, ಮೇಲೆ ಫ್ಯಾನ್ ಹಾಕಿಸಿ ಇವತ್ತು ಅಂಗಳದಲ್ಲಿ ನಿಲ್ಲಿಸಿದ್ದ. ನಾನು ಇನ್ನೂ ಕಬ್ಬಿನ ಟ್ರಾಲಿಯಲ್ಲೇ ಕುದುರೆ ಒಯ್ಯುವವನು!

"ಕುದುರಿಗಿ ಫ್ಯಾನ್ ಹಾಕ್ಸಿದಿ, ಇನ್ನ ಎಲಿ-ಅಡಿಕಿನೂ ಕೊಡ್ತಿ ಏನಲೇ?" ಎಂದು ಗರ್ಜಿಸಿದೆ.

"ಕೊಡೂಣ ಕಾಕಾ, ನೀವು ತಿಂದು ಉಳದ್ರ," ಅಂದ.

ಅಷ್ಟರಲ್ಲಿ ಕುದುರೆ ಗೊತ್ತು ಮಾಡಲು ಜೇವರ್ಗಿಯಿಂದ ಮದುವೆಯವರು ಬಂದರು. ಇಬ್ಬರ ಕುದುರೆಗಳನ್ನೂ ನೋಡಿದರು. ವರನ ಸೋದರಮಾವ ನನ್ನ ಬಿಳಿ ಕುದುರೆಯ ಬೆನ್ನು ತಟ್ಟಿ, "ಇದೇ ಇರ್ಲ್ರಿ," ಅಂದ. ಗೆದ್ದೆ! ಮೀಸೆಗೆ ಕೈ ಹೋಗುವಷ್ಟರಲ್ಲಿ ಆತ ಟ್ರೇಲರಿನ ಕಡೆ ಬೆರಳು ಮಾಡಿದ: "ಆದ್ರ ಅದ್ರಾಗ ತರ್ರಿ. ಟ್ರಾಲ್ಯಾಗ ತಂದ್ರ ಬೀಗರು ನಗ್ತಾರ."

"ಹತ್ಸಿ ನೋಡೂಣ ಬರ್ರಿ ಕಾಕಾ," ಎಂದು ಮಕಬೂಲ ಹಿಂದಿನ ಬಾಗಿಲು ಇಳಿಸಿದ.

ಹತ್ತು ವರ್ಷ ಬೆಲ್ಲ ತಿನ್ನಿಸಿ ಸಾಕಿದ ಕುದುರೆ ರೀ ಅದು! ಹತ್ತುವಾಗ ಒಮ್ಮೆಯಾದರೂ ಹೊಳ್ಳಿ ನನ್ನ ಮುಖ ನೋಡಬಾರದೇ?