ಬೇಲಿ ದಾಟಿದ ಮರಗೆಣಸಿನ ಕಡ್ಡಿ

ನಮ್ಮ ನೈಜರ್ ನದೀಮುಖದ ಎಚೆ ಸೀಮೆಯಲ್ಲಿ ತೈಲ ಕಂಪನಿಯ ಕೃಷಿ ವಿಸ್ತರಣಾ ಸೇವೆಯೆಂದರೆ ಟೋಪಿ ಹಂಚಿ ಫೋಟೋ ತೆಗೆಸಿಕೊಳ್ಳುವುದು ಎಂದು ಜನ ನಗುತ್ತಿದ್ದ ಕಾಲದಲ್ಲಿ, ಹೊಲಕ್ಕಿಳಿದು ‘ಇದು ಹೀಗೇಕೆ?’ ಎಂದು ಕೇಳುವ ಅಭ್ಯಾಸವನ್ನು ಆ ಸೇವೆಗೆ ಹಚ್ಚಿದವರು ಮಾನ್ಯ ಎಲೆಚಿ ನ್ವುಝಿಯವರು. ಅವರ ಜೀಪು ಓಡಿಸುತ್ತಲೇ ಬೇಸಾಯ ಕಲಿತವನು ನಾನು. ಅವರ ನಿವೃತ್ತಿಯ ಸಂಪುಟದಲ್ಲಿ ಬರೆಯುವುದು ನನ್ನ ಭಾಗ್ಯ.

ಅವರು ಸೇವೆಗೆ ಸೇರಿದ ಹೊಸತರಲ್ಲಿ ಕಂಪನಿಯು ಉಮುವೋಲು ಊರಿನ ಕೆಲವು ಹೆಂಗಸರಿಗೆ ಹೊಸ ತಳಿಯ ಮರಗೆಣಸಿನ ಕಡ್ಡಿ ಕೊಟ್ಟಿತು. ಉಳಿದವರನ್ನು ಹೋಲಿಕೆಗೆಂದು ಹಾಗೇ ಬಿಟ್ಟಿತು. ಯೋಜನೆ ಫಲಿಸಿದರೆ ಗಾರಿ ಎಂಬ ಹುರಿದ ತರಿಗಾಗಿ ಗೆಣಸು ತುರಿಯುವ ಯಂತ್ರ ಊರಿಗೆ ಬರಬೇಕಿತ್ತು. ಕೈಯಲ್ಲೇ ತುರಿದು ಬೆರಳು ಸುಲಿದುಕೊಂಡಿದ್ದ ಹೆಂಗಸರು ಅದಕ್ಕಾಗಿ ಜಾಗವನ್ನೂ ಹಸನು ಮಾಡಿಟ್ಟಿದ್ದರು. ಗೆಣಸು ಕಿತ್ತು ತೂಗಿದರೆ ಎರಡೂ ಗುಂಪಿನ ಇಳುವರಿ ಸಮಸಮ! ಪ್ರಯೋಜನವಿಲ್ಲದ ಯೋಜನೆ, ಮುಚ್ಚಿಬಿಡಿ ಎಂದಿತು ಕೇಂದ್ರ ಕಚೇರಿ.

ನಾವೆಲ್ಲ ಗಂಟುಮೂಟೆ ಕಟ್ಟುತ್ತಿರಲು, ಎಲೆಚಿಯವರು ಕಡ್ಡಿ ಪಡೆಯದ ಮಾಮಾ ಚಿಜಿ ಎಂಬ ಹೆಂಗಸಿನ ಹೊಲಕ್ಕೆ ನಡೆದರು. ಅಲ್ಲಿ ಕಂಪನಿಯದೇ ಕೆಂಪು ತೊಟ್ಟಿನ ತಳಿ ಆಳೆತ್ತರ ನಿಂತಿತ್ತು.

“ಇದೆಲ್ಲಿಂದ ಬಂತಮ್ಮಾ?”

“ಕದ್ದಿದ್ದಲ್ಲ ಓಗಾ, ದೊಡ್ಡೋರೇ! ನಮ್ಮ ಓರಗಿತ್ತಿ ಕೊಟ್ಟಳು.”

“ಯಾರಿಗೂ ಕೊಡಬೇಡಿ ಅಂತ ಹೇಳಿದ್ವಲ್ಲ?”

“ಬಾಗಿಲಿಗೆ ಬಂದೋರಿಗೆ ಕಡ್ಡಿ ಇಲ್ಲ ಅನ್ನೋಕಾಗುತ್ತಾ? ನಾಳೆ ಅವಳ ಮನೇಲಿ ಸಾವಾದ್ರೆ ಹೆಣ ಹೊರೋಕೆ ನಿಮ್ಮ ಕಂಪನಿ ಬರುತ್ತಾ?”

ಎಲೆಚಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಂದೊಂದೇ ಹೊಲ ಹೊಕ್ಕು ವಿಚಾರಿಸಿದರು. ಕಡ್ಡಿ ಮದುವೆಯಾದ ಮಗಳೊಂದಿಗೆ ಹೋಗಿತ್ತು, ಬಾಣಂತಿ ನೋಡಲು ಬಂದವಳೊಂದಿಗೆ ಹೋಗಿತ್ತು, ಜಗಳವಾಡಿ ರಾಜಿಯಾದವರ ನಡುವೆಯೂ ಹೋಗಿತ್ತು. ಯೋಜನೆ ಸೋತಿರಲಿಲ್ಲ, ಇಡೀ ಊರಿನ ಬೆಳೆಯೇ ಏರಿತ್ತು.

ಮುಚ್ಚಲು ಬಂದ ಮೇಲಧಿಕಾರಿಯನ್ನು ಅವರು ಕುರ್ಚಿಯಲ್ಲಿ ಕೂರಿಸದೆ ಹೊಲಗಳಲ್ಲೇ ಸುತ್ತಾಡಿಸಿದರು. ಬೆವರೊರೆಸಿಕೊಳ್ಳುತ್ತ ಆತ ಕೇಳಿದ: “ಹಾಗಾದ್ರೆ ಯೋಜನೆಗೆ ಸೇರದವರು ಇಲ್ಲಿ ಯಾರಿದ್ದಾರ್ರೀ?”

“ನೀವೊಬ್ಬರೇ ಸಾರ್!” ಎನ್ನುತ್ತ ಮಾಮಾ ಚಿಜಿ ಒಂದು ಕಟ್ಟು ಕಡ್ಡಿ ತಂದು ಅವನ ಜೀಪಿಗೆ ತುರುಕಿದಳು.

ಯಂತ್ರ ಬಂತು.

ಆದರೆ ಎಲೆಚಿಯವರ ಕುತೂಹಲ ತಣಿಯುವಂಥದ್ದಲ್ಲ. ಅದೇ ಕಡ್ಡಿ, ಅದೇ ಕೈ, ಅದೇ ಮಳೆ ಇದ್ದರೂ ಕಂಪನಿಯ ಎಣ್ಣೆಯ ಕೊಳವೆ ಹಾದ ಹೊಲಗಳಲ್ಲಿ ಮಾತ್ರ ಗೆಣಸು ಏಕೆ ಬೆರಳುಗಾತ್ರದಲ್ಲೇ ನಿಲ್ಲುತ್ತದೆ ಎಂದು ಅವರು ವರ್ಷವರ್ಷವೂ ಕೇಳಿದರು. ಅದು ನಿಮ್ಮ ಕೆಲಸವಲ್ಲ ಎಂಬ ಉತ್ತರವೇ ವರ್ಷವರ್ಷವೂ ಬಂತು. ಈಗ ಅವರು ನಿವೃತ್ತರು. ಯಾವುದು ತಮ್ಮ ಕೆಲಸವೆಂದು ಇನ್ನು ಅವರೇ ಗೊತ್ತುಮಾಡಬಹುದು. ದೇವರು ಅವರಿಗೆ ತುಂಬು ಆಯುಸ್ಸನ್ನೂ ಗಟ್ಟಿ ಮಂಡಿಗಳನ್ನೂ ಕೊಡಲಿ: ಆ ಕೊಳವೆಯ ದಾರಿ ಬಹಳ ಉದ್ದವಿದೆ.