ಹಗುರ ಮೀನಿನ ಖುರ್ಷಿದ್ ಸಾಬ್ರು

ತುಮಕೂರಿನಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ ಖುರ್ಷಿದ್ ಪಾಷಾನ ಹೊಟ್ಟೆಯೊಳಗೆ ಆರು ವರ್ಷ ಒಂದೇ ಕೆಂಡ ಉರಿಯುತ್ತಿತ್ತು. ಗುಬ್ಬಿಯ ಕೊಬ್ಬರಿ ಮಂಡಿ ಪುಟ್ಟರಂಗಯ್ಯನ ಮುಖದ ಮೇಲಿನ ನಗು ನಾಲ್ಕು ಜನರ ಎದುರು ಇಳಿಯಬೇಕು, ಅದನ್ನು ತಾನು ಮಾರು ದೂರದಲ್ಲಿ ನಿಂತು ನೋಡಬೇಕು. ಬೇರೆ ಯಾವ ಆಸೆಯೂ ಅವನಿಗೆ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಅವನ ಅಪ್ಪ ಲಾಲ್ ಸಾಬ್ ಬಿಟ್ಟುಹೋದ ಅಂಗಡಿ ಒಬ್ಬ ಆಳು ಕಾಲು ಚಾಚುವಷ್ಟೇ ಅಗಲ. ಗೋಡೆ ತುಂಬ ತಕ್ಕಡಿಯ ದಂಡಿಗೆಗಳು, ತಟ್ಟೆ ಕಟ್ಟುವ ಅಡ್ಡಕೋಲುಗಳು, ನೇತಾಡುತ್ತಿದ್ದವು. ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ ಹಾಕಿಸುವ ಕಾಲ ಬಂತೆಂದರೆ ಊರಿನ ವ್ಯಾಪಾರಿಗಳೆಲ್ಲ ಅಲ್ಲಿ ಸಾಲು ನಿಲ್ಲುತ್ತಿದ್ದರು. ಖುರ್ಷಿದ್ ಅರ ಹಿಡಿದು ನಾಲ್ಕು ಸಲ ಉಜ್ಜಿದರೆ ಎಂಥ ಮೊಂಡು ತಕ್ಕಡಿಯೂ ಸಾಸಿವೆ ಕಾಳಿಗೆ ತಲೆಬಾಗುತ್ತದೆ ಎನ್ನುವ ಮಾತಿತ್ತು. ಭಾನುವಾರ ಅದೇ ಕೈಗೆ ಗಾಳ ಬರುತ್ತಿತ್ತು. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಕಟ್ಟಿಕೊಂಡು ಕುಣಿಗಲ್ ಕೆರೆಯ ಏರಿಗೆ ಹೋದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಎಪ್ಪತ್ತಮೂರರಲ್ಲಿ ಪುಟ್ಟರಂಗಯ್ಯ ಅವನ ಅಂಗಡಿಗೆ ಬಂದ. ಗುಬ್ಬಿಯ ಮಂಡಿಗಳ ತಕ್ಕಡಿ ಕೆಲಸವನ್ನೆಲ್ಲ ಖುರ್ಷಿದ್‌ಗೇ ಕೊಡಿಸುತ್ತೇನೆ, ಆದರೆ ನನಗೊಂದು ವಿಶೇಷ ತಕ್ಕಡಿ ಬೇಕು ಎಂದ. ದಂಡಿಗೆಯ ಎಡಗಡೆ ಒಂದು ಅಕ್ಕಿಕಾಳಿನಷ್ಟು ಗಿಡ್ಡ ಇರಬೇಕು, ಆ ಕಡೆಯ ತಟ್ಟೆಗೆ ಹಾಕಿದ ಕೊಬ್ಬರಿ ಕಡಿಮೆ ತೂಗಬೇಕು. ಬರಿ ತಕ್ಕಡಿ ಎತ್ತಿದಾಗ ಮಾತ್ರ ಮುಳ್ಳು ನೆಟ್ಟಗೆ ನಿಂತಿರಬೇಕು. ಖುರ್ಷಿದ್ ಎರಡು ದಿನ ಆಗಲ್ಲ ಎಂದ, ಮೂರನೇ ದಿನ ಮಾಡಿಕೊಟ್ಟ. ಎಡ ತಟ್ಟೆಯ ಅಡಿಗೆ ಒಂದು ಚೂರು ಸೀಸ ಅಂಟಿಸಿ ಎರಡೂ ಕಡೆ ಸಮ ನಿಲ್ಲಿಸಿದ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅದನ್ನು ನೋಡಿ ಅವನಿಗೇ ಒಳಗೊಳಗೆ ಹೆಮ್ಮೆಯಾಯಿತು. ಅಲ್ಲೇ ಅವನು ಕೆಟ್ಟ.

ಎರಡು ವರ್ಷದ ಮೇಲೆ ಕುಣಿಗಲ್ ಕೆರೆಯಲ್ಲಿ ಗಾಳದ ಪಂದ್ಯ ಇಟ್ಟರು. ಮೊದಲ ಬಹುಮಾನ ಟ್ರಾನ್ಸಿಸ್ಟರ್ ರೇಡಿಯೋ. ಖುರ್ಷಿದ್‌ಗೆ ಬಿದ್ದ ಕಾಟ್ಲಾ ಮೀನು ಕೈಯಲ್ಲಿ ಎತ್ತಿದರೇ ಒಂಬತ್ತು ಕೆಜಿ ಎಂದು ಗೊತ್ತಾಗುವಂತಿತ್ತು. ಹುಣಸೆ ಮರದ ಕೊಂಬೆಗೆ ತಕ್ಕಡಿ ಕಟ್ಟಿದ್ದರು. ಅದು ಯಾರದು ಎಂದು ಅವನಿಗೆ ಹತ್ತು ಹೆಜ್ಜೆ ದೂರದಿಂದಲೇ ಗುರುತು ಸಿಕ್ಕಿತು. ಪಂದ್ಯದಲ್ಲಿದ್ದ ಪುಟ್ಟರಂಗಯ್ಯನೇ ಉದಾರವಾಗಿ ತಂದುಕೊಟ್ಟಿದ್ದ.

ಖುರ್ಷಿದ್‌ನ ಮೀನು ಎಡ ತಟ್ಟೆಗೆ ಬಿತ್ತು. ಎಂಟು ಕೆಜಿ ಎಂಟುನೂರೈವತ್ತು. ಆಮೇಲೆ ಪುಟ್ಟರಂಗಯ್ಯ ತನ್ನ ಮೀನು ತಂದ. ಸಾಬರ ಮೀನಿನ ಲೋಳೆ ಆ ತಟ್ಟೆಗೆಲ್ಲ ಅಂಟಿದೆ, ನಂದು ಈ ಬಲಗಡೆ ಇಡಿ, ತೂಕದ ಕಲ್ಲುಗಳನ್ನು ಆ ಕಡೆ ಹಾಕಿ ಎಂದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸರಿಯಾಗಿ ಒಂಬತ್ತು ಕೆಜಿ. ಎಡಕ್ಕೆ ಕಡಿಮೆ ತೂಗುವ ತಕ್ಕಡಿ ಬಲಕ್ಕೆ ಹೆಚ್ಚು ತೂಗುತ್ತದೆಂದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಖುರ್ಷಿದ್ ಬಾಯಿ ತೆರೆದ. ತಕ್ಕಡಿ ಸುಳ್ಳು ಎಂದರೆ, ಸುಳ್ಳು ಮಾಡಿದವನು ಯಾರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ತೆರೆದ ಬಾಯಿ ಹಾಗೇ ಇತ್ತು. ಪುಟ್ಟರಂಗಯ್ಯ ಅದನ್ನು ನೋಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಯಾಕ್ ಸಾಬ್ರೇ, ಮುಖ ಹಿಂಗ್ ಮಾಡ್ಕೊಂಡ್ರಿ? ನೀವೇ ಕೈಯಾರೆ ಮಾಡ್ಕೊಟ್ಟಿದ್ ತಕ್ಡಿ ಕಣ್ರೀ. ನಿಮ್ಗೇ ಸುಳ್ಳ್ ಹೇಳ್ತದಾ?"

ಏರಿಯ ಮೇಲೆ ನಗೆ ಎದ್ದಿತು. ಅವತ್ತಿನಿಂದ ಗುಬ್ಬಿ ಸಂತೆಯಲ್ಲಿ ಅವನ ಹೆಸರು ಹಗುರ ಮೀನಿನ ಸಾಬ್ರು. ತನ್ನ ಕೆಲಸಕ್ಕೆ ತಾನೇ ಸಿಕ್ಕಿಬಿದ್ದವನ ಸಂಕಟ ಯಾರಿಗೆ ಹೇಳುವುದು? ಖುರ್ಷಿದ್ ಗಾಳ ಮುಟ್ಟುವುದನ್ನೇ ಬಿಟ್ಟ. ಪುಟ್ಟರಂಗಯ್ಯ ಮಾತ್ರ ಎಪ್ಪತ್ತೊಂಬತ್ತರವರೆಗೂ ವರ್ಷ ವರ್ಷ ಪಂದ್ಯಕ್ಕೆ ಹೋದ, ತನ್ನ ತಕ್ಕಡಿ ಕೊಟ್ಟ, ಗೆದ್ದ.

ಎಂಬತ್ತರ ಪಂದ್ಯಕ್ಕೆ ಯಾರೋ ಹೊಸದಾಗಿ ಸ್ಪ್ರಿಂಗ್ ತಕ್ಕಡಿ ತಂದು, ಒಂದೇ ಮೀನು ಎರಡು ಸಲ ಎರಡು ತೂಕ ತೋರಿಸಿ, ಹೊಡೆದಾಟವೇ ಆಗಿಹೋಯಿತು. ಹಾಗಾಗಿ ಎಂಬತ್ತೊಂದರಲ್ಲಿ ಪಂದ್ಯ ನಡೆಸುತ್ತಿದ್ದ ನರಸಿಂಹಯ್ಯ ಎಂಬ ಡ್ರಿಲ್ ಮೇಷ್ಟ್ರು ತುಮಕೂರಿಗೆ ಬಂದು ಖುರ್ಷಿದ್‌ನ ಅಂಗಡಿ ಮೆಟ್ಟಿಲ ಮೇಲೆ ಕೂತರು. ಈ ಸಲ ಸರಿಯಾದ ತಕ್ಕಡಿ ನೀವೇ ಆರಿಸಿಕೊಡಬೇಕು ಎಂದರು.

ಖುರ್ಷಿದ್ ಸಮಾಧಾನವಾಗಿ ಹೇಳಿಕೊಟ್ಟ. ಸ್ಪ್ರಿಂಗ್ ಹಳೆಯದಾದರೆ ಹಿಗ್ಗುತ್ತದೆ, ಒದ್ದಾಡುವ ಮೀನಿನ ಜೊತೆ ಅದೂ ಒದ್ದಾಡುತ್ತದೆ, ಅದು ಬೇಡ. ಕೈಯಲ್ಲಿ ಹಿಡಿಯುವ ತಕ್ಕಡಿಯೂ ಬೇಡ, ಕಿರುಬೆರಳು ಎಲ್ಲಿ ಒತ್ತುತ್ತದೆಂದು ದೇವರೇ ಬಲ್ಲ. ಮರಕ್ಕೆ ಕಟ್ಟುವ ದೊಡ್ಡ ತಕ್ಕಡಿಯೇ ಆಗಬೇಕು. ಬರಿ ತಟ್ಟೆ ಸಮ ನಿಂತದ್ದನ್ನು ನೋಡಿ ನಂಬಬಾರದು. ಇಟ್ಟ ಮಾಲನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿ ಎರಡು ಸಲ ತೂಗಬೇಕು, ಎರಡು ಸಲವೂ ಒಂದೇ ಬಂದರೆ ಆ ತಕ್ಕಡಿ ಸತ್ಯವಂತ. ಮೂರು ತಕ್ಕಡಿ ತರಿಸಿ, ಏರಿಯ ಮೇಲೆ ಎಲ್ಲರ ಎದುರೇ ಆರಿಸುತ್ತೇನೆ ಎಂದ. ಕೊನೆಗೆ, ಏನೂ ಅಲ್ಲವೆಂಬಂತೆ, ಒಂದು ಮಾತು ಸೇರಿಸಿದ.

"ಮೂರ್ರಲ್ಲಿ ಒಂದು ಪುಟ್ಟರಂಗಯ್ಯನೋರ್ದೇ ಇರ್ಲಿ ಮೇಷ್ಟ್ರೇ. ಪಾಪ, ಹಳೇ ತಕ್ಡಿ."

ಹೆಂಡತಿ ಮಸ್ತಾನ್ ಬೀಗೆ ವಿಷಯ ಗೊತ್ತಾದಾಗ ಅವಳು ಒಲೆ ಬಿಟ್ಟು ಎದ್ದು ಬಂದಳು. ಅವನ ಜೊತೆ ನೀವೂ ಮುಳುಗುತ್ತೀರಿ, ಲೈಸೆನ್ಸ್ ಹೋಗುತ್ತದೆ, ಮಾವನವರ ಅಂಗಡಿ ಹೋಗುತ್ತದೆ ಎಂದು ಲೆಕ್ಕ ಹಾಕಿದ ಹಾಗೆ ಹೇಳಿದಳು. ಖುರ್ಷಿದ್ ಎಲ್ಲದಕ್ಕೂ ತಲೆಯಾಡಿಸಿದ. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಪಂದ್ಯದ ದಿನ ಪುಟ್ಟರಂಗಯ್ಯ ತಕ್ಕಡಿಯನ್ನು ತಾನೇ ಹೊರಿಸಿಕೊಂಡು ಬಂದ. ಹೆದರುವುದಕ್ಕೆ ಅವನಿಗೆ ಕಾರಣವೇ ಇರಲಿಲ್ಲ. ಸಾಬರ ಬಾಯಿಗೆ ಸಾಬರದೇ ಕೈ ಬೀಗ ಹಾಕಿದೆ ಎಂದುಕೊಂಡಿದ್ದ.

ಮಧ್ಯಾಹ್ನ ಮೂರಕ್ಕೆ ಗಾಳ ಎತ್ತಿದರು. ಖುರ್ಷಿದ್ ಮೊದಲೆರಡು ತಕ್ಕಡಿಗಳಲ್ಲಿ ಒಂದೇ ಮೀನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು ತೂಗಿದ. ಎರಡೂ ಪಾಸಾದವು. ಮೂರನೆಯದನ್ನು ಕಟ್ಟಿದಾಗ ಬರಿ ತಟ್ಟೆಗಳು ಸಮ ನಿಂತವು. ಪುಟ್ಟರಂಗಯ್ಯ ಮುಳ್ಳನ್ನು ತೋರಿಸಿ, ಇನ್ನೇನು ನೋಡಬೇಕು ಎಂದು ನಕ್ಕ. ನಿಮ್ಮ ಮೀನನ್ನೇ ಕೊಡಿ ಯಜಮಾನರೇ ಎಂದು ಖುರ್ಷಿದ್ ಕೈ ಚಾಚಿದ.

ಬಲ ತಟ್ಟೆಯಲ್ಲಿ ಏಳು ಕೆಜಿ ಇನ್ನೂರು ಬಂತು. ಅದೇ ಮೀನನ್ನು ಎಡಕ್ಕೆ ಹಾಕಿದ. ಏಳು ಕೆಜಿಯ ಕಲ್ಲುಗಳಿಗೆ ಮೀನು ಮೇಲಕ್ಕೇ ಎದ್ದಿತು. ಜನ ಹತ್ತಿರ ಸರಿದರು.

"ಮೀನ್ ಅಲ್ಲಾಡ್ತಾ ಐತೆ, ಅದ್ಕೇ ತೂಕ ಆಡ್ತೈತೆ" ಎಂದ ಪುಟ್ಟರಂಗಯ್ಯ. ಮೀನು ಸತ್ತು ಎರಡು ಗಂಟೆಯಾಗಿತ್ತು.

ನಗಬೇಕಾದ ಜನ ನಗಲಿಲ್ಲ. ಗಾಳ ಹಾಕಲು ಬಂದಿದ್ದ ತಮ್ಮನ ಜೊತೆ ಸಿ.ಎಸ್. ಪುರದ ಭದ್ರಮ್ಮ ಅಲ್ಲಿದ್ದಳು. ತೆಂಗಿನ ತೋಟದವಳು, ಎಂಟು ವರ್ಷದಿಂದ ಪುಟ್ಟರಂಗಯ್ಯನ ಮಂಡಿಗೇ ಕೊಬ್ಬರಿ ಹಾಕುತ್ತಿದ್ದವಳು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಮ್ ಕೊಬ್ರಿ ಯಾವ್ ತಟ್ಟೇಗ್ ಹಾಕ್ತಿದ್ದೆ ಯಜಮಾನ?"

ಪುಟ್ಟರಂಗಯ್ಯ ತಟ್ಟೆಯಲ್ಲಿದ್ದ ಮೀನಿಗೆ ಕೈ ಹಾಕಿದ. ಅವಳು ಖುರ್ಷಿದ್ ಕಡೆ ತಿರುಗಿ, ಇಂಥ ತಕ್ಕಡಿ ಮಾಡಿದ ಹಲಾಲುಕೋರ ಯಾರು ಎಂದು ಕೇಳಿದಳು. ಆಗ ಪುಟ್ಟರಂಗಯ್ಯನ ಮುಖಕ್ಕೆ ನಗು ವಾಪಸ್ಸು ಬಂತು. ಹೇಳು ನೋಡೋಣ ಎಂಬಂತೆ ಹುಬ್ಬು ಏರಿಸಿದ.

"ನಾನೇ ಕಣಮ್ಮ," ಎಂದ ಖುರ್ಷಿದ್. "ಎಪ್ಪತ್ಮೂರ್ರಲ್ಲಿ, ಇವ್ರು ಕೇಳಿದ್ಕೆ. ನೂರ್ ಕೆಜಿಗೆ ಎರಡ್ ಕೆಜಿ ತಿಂತದೆ. ಎಡ್ಗಡೆ ತಟ್ಟೆ ತಳ ಕೆರೀರಿ, ಸೀಸ ಐತೆ."

ಕೆರೆದರು. ಸೀಸ ಬಿತ್ತು.

ಆ ಗಳಿಗೆಯಲ್ಲಿ ಪುಟ್ಟರಂಗಯ್ಯನ ಮುಖ ಹೇಗಾಯಿತು ಎಂಬುದನ್ನು ಖುರ್ಷಿದ್ ರೆಪ್ಪೆ ಬಡಿಯದೆ ನೋಡಿದ. ಆರು ವರ್ಷದ ಹಸಿವು ಅದು, ಒಂದು ತುತ್ತೂ ಬಿಡಲಿಲ್ಲ. ಭದ್ರಮ್ಮ ಮೊದಲು ಪುಟ್ಟರಂಗಯ್ಯನ ಕಾಲ ಬುಡಕ್ಕೆ ಉಗಿದಳು. ಆಮೇಲೆ ಖುರ್ಷಿದ್‌ನ ಹತ್ತಿರ ಬಂದು, ನಿನ್ನ ಕೈ ಸೇದಿಹೋಗಲಿ ಎಂದು ಅವನ ಕಾಲ ಬುಡಕ್ಕೂ ಉಗಿದಳು. ಉಳಿದ ಮೀನುಗಳನ್ನು ಅವನು ಆರಿಸಿದ ತಕ್ಕಡಿಯಲ್ಲೇ ತೂಗಿದರು, ಆದರೆ ಅವನಿಗೆ ತಕ್ಕಡಿ ಮುಟ್ಟಗೊಡಲಿಲ್ಲ. ಪುಟ್ಟರಂಗಯ್ಯನ ಮೀನು ನಾಲ್ಕನೆಯದಾಯಿತು. ಅದನ್ನು ಕೇಳಲು ಅವನು ಅಲ್ಲಿರಲಿಲ್ಲ.

ಮಸ್ತಾನ್ ಬೀ ಹೇಳಿದ ಹಾಗೇ ಆಯಿತು. ಲೈಸೆನ್ಸ್ ಹೋಯಿತು. ತಿಂಗಳೊಳಗೆ ಅಂಗಡಿಗೆ ಬಾಗಿಲು ಬಿತ್ತು. ಖುರ್ಷಿದ್ ತುಮಕೂರಿನ ಹೊರಗೆ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಅರ ಹಾಕುವ ಕೂಲಿಗೆ ಸೇರಿದ. ಅತ್ತ ರೈತರು ಗಾಡಿಗಳನ್ನು ಬೇರೆ ಮಂಡಿಗಳ ಕಡೆ ತಿರುಗಿಸಿದರು. ಯುಗಾದಿಗೆ ಮುಂಚೆಯೇ ಪುಟ್ಟರಂಗಯ್ಯನ ಗೋದಾಮಿನಲ್ಲಿ ಇಲಿಗಳೂ ಉಪವಾಸ ಬಿದ್ದವು.

ಎಂಬತ್ತನಾಲ್ಕರ ಒಂದು ಸಂಜೆ ಖುರ್ಷಿದ್ ಕೆಲಸ ಮುಗಿಸಿ ಊರಾಚೆಯ ಬಟವಾಡಿ ಸ್ಟಾಪಿನಲ್ಲಿ ಬಸ್ಸಿಗೆ ನಿಂತಿದ್ದ. ಪಕ್ಕದಲ್ಲಿ ನೋಡಿದರೆ ಪುಟ್ಟರಂಗಯ್ಯ, ಕೈಯಲ್ಲಿ ಒಂದು ಬ್ಯಾಗು, ಮುಖದಲ್ಲಿ ಎರಡು ದಿನದ ಗಡ್ಡ. ಕಾರು ಮಾರಿದ್ದನೆಂದು ಖುರ್ಷಿದ್ ಕೇಳಿದ್ದ. ಇಬ್ಬರೂ ಬಸ್ಸು ಬರುವ ದಾರಿಯನ್ನೇ ನೋಡಿದರು.

"ನಿನ್ ಅಂಗ್ಡೀನೂ ಹೋಯ್ತು, ನನ್ ಮಂಡೀನೂ ಹೋಯ್ತು," ಎಂದ ಕೊನೆಗೆ ಪುಟ್ಟರಂಗಯ್ಯ. "ಏನ್ ಸಿಕ್ತು ಸಾಬ್ರೇ ನಿಂಗೆ?"

"ನೀವೂ ಬಸ್ಸಿಗ್ ಕಾಯ್ತಾ ಇದೀರಲ್ಲ ಯಜಮಾನ್ರೇ, ಅದು."

ಬೆಂಗಳೂರಿಂದ ಗುಬ್ಬಿ ಕಡೆಗೆ ಹೋಗುವ ಬಸ್ಸು ತುಂಬಿಕೊಂಡು ಬಂತು. ಒಂದೇ ಸೀಟು ಖಾಲಿ ಇತ್ತು. ಖುರ್ಷಿದ್ ಕಿಟಕಿಯಿಂದ ಟವಲು ಎಸೆದು ಅದನ್ನು ಹಿಡಿದ. ಪುಟ್ಟರಂಗಯ್ಯ ಅವನ ತಲೆಯ ಮೇಲಿನ ಕಂಬಿಗೆ ಜೋತುಬಿದ್ದ. ತುಮಕೂರು ಪೇಟೆ ಬಂತು, ಇಳಿದವರ ಜಾಗಕ್ಕೆ ಹೊಸಬರು ಮುಗಿಬಿದ್ದು ಕೂತರು. ಖುರ್ಷಿದ್‌ನ ಮನೆ ಅಲ್ಲೇ. ಅವನು ಏಳುತ್ತಾನೆಂದು ಪುಟ್ಟರಂಗಯ್ಯ ಒಂದು ಕಾಲು ಮುಂದಿಟ್ಟು ಕಾದ. ಖುರ್ಷಿದ್ ಕಂಡಕ್ಟರನ್ನು ಕರೆದು ಗುಬ್ಬಿಗೆ ಟಿಕೆಟ್ ಕೊಡು ಎಂದ.

ಗುಬ್ಬಿಯವರೆಗೂ ಖುರ್ಷಿದ್ ಕೂತಿದ್ದ, ಪುಟ್ಟರಂಗಯ್ಯ ನಿಂತಿದ್ದ. ಅಲ್ಲಿ ಇಳಿದು ಖುರ್ಷಿದ್ ಒಂದು ಟೀ ಕುಡಿದ. ಆಮೇಲೆ ವಾಪಸ್ ಬಸ್ಸು ಹತ್ತಿ ಮನೆಗೆ ಬಂದ.