ಗ್ಯಾಸ್ ಫ್ರಿಜ್ಜಿಗೆ ಇಟ್ಟ ಕುಂಕುಮ

ಫ್ರಿಜ್ಜು ಕೆಡಿಸಿದ್ದು ನಾನು. ಅಳಿಯನಲ್ಲ — ನಾನು. ಮೊನ್ನೆ ಅವನೆದುರೇ ಹೇಳಿಬಿಟ್ಟೆ, ಈಗ ನಿಮ್ಮೆದುರೂ ಹೇಳುತ್ತಿದ್ದೇನೆ. ಎಷ್ಟು ಹಗುರವಾಗಿದೆ ಅಂದರೆ, ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲನ್ನು ಮೊಣಕಾಲು ನೋವಿನ ನೆನಪೇ ಇಲ್ಲದೆ ಹತ್ತಿ ಬಂದೆ. ನಗಬೇಡಿ, ನಿಜ.

ನಮ್ಮದು ಉಡುಪಿ ಕಡೆಯ ಹೋಟೆಲಿನ ಮನೆ. ಯಜಮಾನರ ಹೋಟೆಲು ಇಲ್ಲೇ, ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ. ಮಗಳನ್ನು ಕೊಟ್ಟದ್ದು ಮೈಸೂರಿನ ಪ್ರಸನ್ನನಿಗೆ. ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ಖಾರ್ಘರಿನಲ್ಲಿ ಮನೆ. ಎದುರಿಗೆ 'ನೀವು' ಎನ್ನುತ್ತೇನೆ, ಮನಸ್ಸಿನೊಳಗೆ ಅವನು ಮಗನೇ. ಅವನಿಗೊಂದು ಹುಚ್ಚು. ಹಳೆಯ ಟೆಂಪೋ ಒಂದನ್ನು ತೆಗೆದುಕೊಂಡು, ರಜೆಯ ದಿನವೆಲ್ಲ ಅದರೊಳಗೇ ಕೂತು, ತನ್ನ ಕೈಯಾರೆ ಕ್ಯಾರವಾನ್ ಮಾಡಿದ — ಅಲ್ಲೇ ಉಂಡು ಅಲ್ಲೇ ಮಲಗಿ ಊರೂರು ತಿರುಗುವ ಗಾಡಿ. ಅದರಲ್ಲೊಂದು ಫ್ರಿಜ್ಜು, ಕರೆಂಟಿಲ್ಲದೆ ಗ್ಯಾಸ್ ಸಿಲಿಂಡರಿನಲ್ಲಿ ನಡೆಯುವಂಥದ್ದು! ಹಿಂಬದಿಯಲ್ಲಿ ಬೆರಳಿನಷ್ಟು ಉರಿ ಹತ್ತಿಸಿದರೆ ಮುಂದೆ ತಣ್ಣಗಾಗುತ್ತದಂತೆ. "ಬೆಂಕಿ ಇಟ್ರೆ ಐಸಾಗ್ತದಾ? ನನ್ನ ಕಿವಿ ಮೇಲೆ ಹೂ ಇಡ್ಬೇಡಿ" ಅಂದಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಯುಧಪೂಜೆಯ ಹೊತ್ತಿಗೆ ಗಾಡಿ ತಯಾರಾಯಿತು. ಮರುದಿನವೇ ಮೊದಲ ಪ್ರಯಾಣ, ಅಲಿಬಾಗಿನ ಕಡಲತೀರಕ್ಕೆ. ಅವನ ಅಪ್ಪ ಅಮ್ಮ ಮೈಸೂರಿನಿಂದ ಅದಕ್ಕೆಂದೇ ಬಂದಿದ್ದರು; ಹೋಟೆಲಿನ ಪೂಜೆ ಮುಗಿಸಿ ನಾನೂ ಯಜಮಾನರೂ ಖಾರ್ಘರಿಗೆ ಹೋಗಿ ಸೇರಿಕೊಂಡೆವು. ನಮ್ಮಲ್ಲಿ ಪೂಜೆಯ ದಿನ ಹೋಟೆಲಿನ ಒಂದೊಂದು ಒಲೆಗೂ ಕುಂಕುಮ ಬೀಳಬೇಕು. ಬೆಂಕಿ ಉರಿಯುವ ಒಂದು ಬಾಯಿ ತಪ್ಪಿದರೂ ನನಗೆ ಸಮಾಧಾನವಿಲ್ಲ. ಚಕ್ರಕ್ಕೆ, ಸ್ಟಿಯರಿಂಗಿಗೆ ಪ್ರಸನ್ನನೇ ಇಟ್ಟ. ಫ್ರಿಜ್ಜಿನ ಬರ್ನರು ಯಾರಿಗೂ ನೆನಪಾಗಲಿಲ್ಲ — ನನಗೆ ಆಯಿತು. ಯಾರೂ ಇಲ್ಲದಾಗ ಹಿಂದಿನ ಮುಚ್ಚಳ ತೆಗೆದು, ಗಂಧದಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದೆ. ನಮ್ಮ ಹೋಟೆಲಿನ ಒಲೆಯ ತೂತೆಲ್ಲಿ, ಸೂಜಿಮೊನೆಯಂಥ ಈ ತೂತೆಲ್ಲಿ! ಅಷ್ಟು ಬುದ್ಧಿ ಓಡಲಿಲ್ಲ.

ಹೊರಡುವ ಮೊದಲು ಹತ್ತಿಸಿದ ಉರಿ ಯಾವಾಗ ಆರಿತೋ. ಅಲಿಬಾಗ್ ಮುಟ್ಟುವಾಗ ಫ್ರಿಜ್ಜಿನ ಬಾಗಿಲಿನಿಂದ ದೋಸೆ ಹಿಟ್ಟು ಉಕ್ಕಿ ನೆಲಕ್ಕಿಳಿಯುತ್ತಿತ್ತು, ಹಾಲು ಒಡೆದಿತ್ತು. ಪ್ರಸನ್ನ ಮರಳಿನಲ್ಲಿ ಮಂಡಿಯೂರಿದ. ಗಾಡಿ ಓರೆ ನಿಂತರೆ ಈ ಫ್ರಿಜ್ಜು ತಣ್ಣಗಾಗುವುದಿಲ್ಲವೆಂದು ಚಕ್ರದಡಿ ಹಲಗೆ ಕೊಟ್ಟ, ಒಳಗೆ ಬಟ್ಟಲಲ್ಲಿ ನೀರಿಟ್ಟು ಸಮ ನೋಡಿದ. ಪೈಪಿಗೆಲ್ಲ ಸಾಬೂನಿನ ನೊರೆ ಹಚ್ಚಿ ಸೋರಿಕೆ ಹುಡುಕಿದ. ಸಿಲಿಂಡರ್ ಬದಲಿಸಿದ. ಉರಿ ಹತ್ತುತ್ತದೆ, ಹಳದಿಯಾಗುತ್ತದೆ, ಆರುತ್ತದೆ. ಅವನು ಹೊಸ ರೆಗ್ಯುಲೇಟರ್ ತರಲು ಪೇಟೆಗೆ ಹೋದಾಗ ನಾನು ಹಿಂದೆ ಹೋಗಿ ಇಣುಕಿದೆ — ಅಯ್ಯೋ ದೇವರೇ, ಬರ್ನರಿನ ಬಾಯಿ ತುಂಬ ನನ್ನದೇ ಕುಂಕುಮ. ಬೀಗರೆದುರು ಏನೆಂದು ಹೇಳಲಿ... ಸೆರಗಿನಿಂದ ಹೊರಗಿನ ಕೆಂಪನ್ನು ಒರೆಸಿಬಿಟ್ಟೆ. ಒಳಗಿಳಿದದ್ದು ಒಳಗೇ ಉಳಿಯಿತು. ರೆಗ್ಯುಲೇಟರಿನಿಂದಲೂ ಪ್ರಯೋಜನವಾಗದೆ, ಕೊನೆಗೆ ಅವನು ಬರ್ನರನ್ನೇ ಬಿಚ್ಚಲು ಕೈ ಹಾಕಿದಾಗ, "ಬೇಡ, ಮುಟ್ಬೇಡಿ, ಕೈ ಸುಟ್ಟೀತು" ಅಂದವಳೂ ನಾನೇ. ಎಲ್ಲರಿಗೂ ಅದು ಕಾಳಜಿಯಂತೆ ಕೇಳಿಸಿತು. ಕಾಳಜಿ ಅಲ್ಲ ಅದು — ನನ್ನ ಮರ್ಯಾದೆಯ ಹೆದರಿಕೆ.

ಆಗ ಯಜಮಾನರು, ಜನ್ಮವಿಡೀ ಗ್ಯಾಸ್ ಒಲೆಯ ಮುಂದೆ ನಿಂತವರು, ಎಲ್ಲರೆದುರು ನಕ್ಕು ಹೇಳಿದರು: "ಕೀಬೋರ್ಡ್ ಒತ್ತುವ ಕೈ ಮಾರಾಯ್ರೆ ನಿಮ್ದು. ಇಂಥದ್ದಕ್ಕೆಲ್ಲ ಎಂತಕ್ಕೆ ಹೋಗುದು?" ಪ್ರಸನ್ನನ ತಂದೆ ತಲೆ ತಗ್ಗಿಸಿದರು. ಅವನು ಸ್ಪ್ಯಾನರ್ ಕೆಳಗಿಟ್ಟ. ನಾನು — ನಾನು ಒಡೆದ ಹಾಲು ಚೆಲ್ಲಲು ಹೋದೆ.

ಆಮೇಲೆ ಗಾಡಿ ಅವರ ಹೌಸಿಂಗ್ ಸೊಸೈಟಿಯ ಅಂಗಳದ ಮೂಲೆಯಲ್ಲಿ ಟಾರ್ಪಾಲಿನಡಿ ಸೇರಿತು. ಅವನು ಮತ್ತೆ ಅದನ್ನು ಮುಟ್ಟಲಿಲ್ಲ. ಅದೊಂದನ್ನೇ ಅಲ್ಲ, ನಲ್ಲಿ ಸೋರಿದರೂ, ಟ್ಯೂಬ್‌ಲೈಟ್ ಹೋದರೂ ಮೊಬೈಲ್ ಒತ್ತಿ ಯಾರನ್ನಾದರೂ ಕರೆಸುತ್ತಾನೆ. ಮಗಳು ಒಂದು ಮೊಳೆ ಹೊಡೆಯಲು ಹೇಳಿದರೆ, "ನನ್ ಕೈಲಾಗಲ್ಲ ಬಿಡು" ಎನ್ನುತ್ತಾನೆ. ಆ ಮಾತು ಕೇಳಿದಾಗೆಲ್ಲ ನನಗೆ ನಾಲಗೆಯ ತುದಿಗೆ ಬರುತ್ತಿತ್ತು. ಇವತ್ತು ಬೇಡ, ಇನ್ನೊಮ್ಮೆ ಹೇಳಿದರಾಯಿತು ಅಂತ... ವರ್ಷಗಳೇ ಹೋದವು.

ಮೊನ್ನೆ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಗಾಡಿ ಕೊಳ್ಳುವವರು ಯಾರೋ ಫೋನ್ ಮಾಡಿದ್ದರು. ಪ್ರಸನ್ನ ಹಿಂದಿಯಲ್ಲಿ ಹೇಳುತ್ತಿದ್ದ: "ಬಾಕಿ ಸಬ್ ಠೀಕ್ ಹೈ. ಫ್ರಿಜ್ ಮೈನೇ ಖುದ್ ಲಗಾಯಾ ಥಾ, ಇಸ್‌ಲಿಯೇ ನಹೀ ಚಲ್ತಾ." ನಾನೇ ಕೂರಿಸಿದ್ದು, ಅದಕ್ಕೇ ನಡೆಯುವುದಿಲ್ಲ — ಎಷ್ಟು ಸಹಜವಾಗಿ ಹೇಳಿದ! ನನಗೆ ತಡೆಯಲಾಗಲಿಲ್ಲ. ಅವನು ಫೋನ್ ಇಡುತ್ತಲೇ ಎದುರು ಹೋಗಿ ನಿಂತೆ.

"ಪ್ರಸನ್ನ, ಅದು ನಿಮ್ಮಿಂದ ಕೆಟ್ಟದ್ದಲ್ಲ. ಬರ್ನರಿಗೆ ಕುಂಕುಮ ಮೆತ್ತಿದ್ದು ನಾನು. ಗೊತ್ತಾಗಬಾರ್ದು ಅಂತ ಒರೆಸಿದ್ದೂ ನಾನು."

ಸೆರಗಿನಲ್ಲಿ ಒರೆಸಿದ್ದು, ಬಿಚ್ಚದಂತೆ ತಡೆದದ್ದು, ಎಲ್ಲವನ್ನೂ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಸೋಫಾದ ತುದಿಯಲ್ಲಿ ಕೂತ. ತನ್ನ ಅಂಗೈಯನ್ನೇ ನೋಡಿದ.

"ಹಾಗಿದ್ರೆ ಅತ್ತೆ... ನಾನು ಸರಿಯಾಗೇ ಜೋಡ್ಸಿದ್ನಾ?"

"ಸರಿಯಾಗಿಯೇ ಜೋಡಿಸಿದ್ರಿ."

ಅವನು ನಕ್ಕುಬಿಟ್ಟ, ಕಣ್ಣು ತುಂಬಿಕೊಂಡು. ನನಗೂ ಕಣ್ಣೀರು ಬಂತು, ಅದರ ಜೊತೆಗೇ ದೊಡ್ಡದೊಂದು ಉಸಿರು. ಯಜಮಾನರಿಗೆ ಅಂದೇ ಹೇಳಿದೆ. ಮೈಸೂರಿಗೂ ಫೋನ್ ಮಾಡುತ್ತೇನೆ. ಮಗನಿಗಾಗಿ ತಲೆ ತಗ್ಗಿಸಿದವರು ಅವರು, ನನ್ನ ಬಾಯಿಂದಲೇ ಕೇಳಲಿ. ಕ್ಷಮಿಸುವುದು ಬಿಡುವುದು ಅವರವರಿಗೆ ಬಿಟ್ಟದ್ದು. 'ಸರಿಯಾಗಿ ಜೋಡಿಸಿದ್ದೆನಾ' ಎಂಬ ಆ ಒಂದು ಪ್ರಶ್ನೆಯನ್ನು ಪ್ರಸನ್ನ ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ. ಉತ್ತರ ಗೊತ್ತಿದ್ದವಳು ನಾನೊಬ್ಬಳೇ — ಪ್ರತಿ ಹಬ್ಬಕ್ಕೂ ಅವನ ಎಲೆಗೆ ಪಾಯಸ ಬಡಿಸುತ್ತ, ಎದುರಿಗೇ ನಿಂತಿದ್ದೆ.